ಒಂದು ಗುಡಿಸು

ಜಯಸಿಂಹನ ಮಾನ ಅಮೆರಿಕದ ಕ್ಯಾಂಟನ್ ಊರಿನಲ್ಲಿ ಹರಾಜಾದದ್ದು ಒಂದೇ ಒಂದು ಗುಡಿಸಿನಿಂದ.

ಸ್ಟರ್ಲಿಂಗ್ ಹೈಟ್ಸ್‌ನ ಕಾರ್ಖಾನೆಯಲ್ಲಿ ಹಗಲೆಲ್ಲ ಕಾರಿನ ಬ್ರೇಕುಗಳ ಜೊತೆ ಗುದ್ದಾಡುತ್ತಲೇ ಹನ್ನೊಂದು ವರ್ಷ ಬರೆದ ಕತೆಗಳು ಕೊನೆಗೂ ಪುಸ್ತಕವಾಗಿದ್ದವು. ಮನೆ ಹತ್ತಿರದ ಪುಟ್ಟ ಪುಸ್ತಕದಂಗಡಿಯ ಒಡತಿ ಮಾರ್ಗರೆಟ್, ಸಹಿ ಹಾಕಿ ಮಾರಿಕೋ ಎಂದು ಶನಿವಾರ ಎರಡರಿಂದ ನಾಲ್ಕರವರೆಗೆ ಒಂದು ಮೇಜು ಕೊಟ್ಟಿದ್ದಳು. ಹತ್ತು ಪ್ರತಿ ಖರ್ಚಾದರೆ ಕಿಟಕಿ ಪಕ್ಕದ ಕಪಾಟಿನಲ್ಲಿ ಕಾಯಂ ಜಾಗ. ಇಲ್ಲವಾದರೆ ಪೆಟ್ಟಿಗೆ ಸಮೇತ ಮನೆಗೆ. ಆ ಕಪಾಟಿನಲ್ಲಿ ತನ್ನ ಕನ್ನಡ ಪುಸ್ತಕ ನೋಡಿ ಸತ್ತರೂ ಸರಿಯೇ ಎನ್ನುವ ಮಟ್ಟಕ್ಕೆ ಬಂದಿದ್ದ, ಪಾಪ.

ಪುಸ್ತಕ ಎಂದರೆ ನಮ್ಮವರು ಬರುತ್ತಾರೆಯೇ ಎಂಬ ಅನುಮಾನ ಅವನಿಗಿತ್ತು. ಎರಡು ಹೊಡೆಯುವ ಮೊದಲೇ ನಲವತ್ತು ಜನ ಬಂದರು. ಜಯಸಿಂಹ ಪೆನ್ನಿನ ಮುಚ್ಚಳ ತೆಗೆದು ಕೂತ.

ಪಕ್ಕದ ಬಡಾವಣೆಯ ಪದ್ಮಮ್ಮ ಸಾಲಿನ ಮೊದಲಿಗರು. ಕೈಯಲ್ಲಿ ಖಾಲಿ ಸ್ಟೀಲ್ ಡಬ್ಬಿ.

"ಏನಪ್ಪಾ ವಿಶೇಷ? ಗ್ರೀನ್ ಕಾರ್ಡ್ ಬಂತಾ?"

"ಇಲ್ಲ ಆಂಟಿ, ಪುಸ್ತಕ ಬಂತು."

"ಓ, ಅಷ್ಟೇನಾ. ಇರ್ಲಿ ಬಿಡು. ಎಲ್ಲಿ ಸಿಹಿ?"

ಹಿಂದೆ ನಿಂತಿದ್ದ ಸಹೋದ್ಯೋಗಿ ಪ್ರಸಾದ್ ಫೋನು ಮುಂದೆ ಹಿಡಿದ. "ನೀನೇ ಗ್ರೂಪಲ್ಲಿ ಹಾಕಿದೀಯಲ್ಲೋ. ಮೂವತ್ತು ಮೈಲಿ ಡ್ರೈವ್ ಮಾಡ್ಕೊಂಡು ಬಂದಿದೀನಿ, ಊಟಾನೂ ಮಾಡಿಲ್ಲ."

ಜಯಸಿಂಹ ಓದಿದ: 'ಲೇಖಕರು ಎಲ್ಲರಿಗೂ ತಮ್ಮ ಕೈಯಾರೆ ಸಿಹಿ ಕೊಡಲಿದ್ದಾರೆ. ತಪ್ಪದೆ ಬನ್ನಿ.'

ಹೆಂಡತಿ ಶಾರದ ಇಣುಕಿ ನೋಡಿ ಹಣೆ ಚಚ್ಚಿಕೊಂಡಳು. "ಸಹಿ ಅಂತ ಟೈಪ್ ಮಾಡೋಕೆ ಹೋಗಿ 'ಸ'ಗೆ ಗುಡಿಸು ಕೊಟ್ಟಿದೀರಲ್ರೀ. ಹನ್ನೊಂದು ವರ್ಷ ಬರೆದು ಕಲ್ತಿದ್ದು ಇದೇನಾ?"

"ಡ್ಯಾಡ್, ದಿಸ್ ಈಸ್ ಸೋ ಎಂಬರಾಸಿಂಗ್" ಎಂದಳು ಮಗಳು ಇಂಚರ. ಐದು ವರ್ಷದಿಂದ ಭಾನುವಾರದ ಕನ್ನಡ ಕ್ಲಾಸಿಗೆ ಹೋಗುತ್ತಿದ್ದರೂ ಅವಳ ಬಾಯಿಂದ ಒಂದು ಕನ್ನಡ ಪದವೂ ಹೊರಟಿರಲಿಲ್ಲ.

ಬಂದವರನ್ನು ಬರಿಗೈಲಿ ಕಳಿಸಲಾದೀತೇ? ಜಯಸಿಂಹ ಇಂಡಿಯನ್ ಸ್ಟೋರ್ಸಿಗೆ ಓಡಿದ. ಅಲ್ಲಿ ಉಳಿದಿದ್ದದ್ದು ಬೂಂದಿ ಲಾಡು ಮಾತ್ರ, ಮುಟ್ಟಿದರೆ ಉದುರುವಂಥದ್ದು. ಇದ್ದಷ್ಟನ್ನೂ ಹೊತ್ತು ತಂದ. ಜನ ಮುಗಿಬಿದ್ದರು. ಒಬ್ಬರು ಏಲಕ್ಕಿ ಸಾಲದು ಎಂದರು, ಇನ್ನೊಬ್ಬರು ತುಪ್ಪದ್ದಲ್ಲ ಎಂದರು. ಪುಸ್ತಕ ತೋರಿಸಿದರೆ, "ಕೈ ಜಿಡ್ಡಾಗಿದೆ ಮಾರಾಯ, ಹಾಳಾಗುತ್ತೆ" ಎಂದು ಪ್ರಸಾದ್ ಭಾರಿ ಗೌರವದಿಂದ ದೂರ ಸರಿದ. ಉಳಿದವರೂ ಅದನ್ನೇ ಹೇಳಿದರು. ಮೂರೂವರೆಯಾದರೂ ಒಂದು ಪ್ರತಿಯೂ ಅಲುಗಲಿಲ್ಲ. ಜಯಸಿಂಹನಿಗೆ ಅಳು ಬರುವಂತಾಯಿತು.

ಆಗ ಪದ್ಮಮ್ಮ ಮತ್ತೆ ಮೇಜಿನ ಹತ್ತಿರ ಬಂದರು.

"ಒಂದು ಹತ್ತು ಕೊಡಪ್ಪಾ. ಮನೇಲಿ ನೆಂಟರಿದಾರೆ."

ದೇವರು ಬಂದಂತಾಯಿತು. 'ಪದ್ಮಮ್ಮನವರಿಗೆ ಪ್ರೀತಿಯಿಂದ' ಎಂದು ಬರೆದು, ಒಂದರ ಮೇಲೊಂದು ಹತ್ತಕ್ಕೂ ಸಹಿ ಹಾಕಿ, ಎದ್ದು ನಿಂತು ಎರಡೂ ಕೈಯಲ್ಲಿ ಕೊಟ್ಟ.

"ಅಯ್ಯೋ, ಪುಸ್ತಕ ಅಲ್ಲಪ್ಪಾ. ಲಾಡು."

ಡಬ್ಬಿ ತುಂಬಿಸಿಕೊಂಡು ಅವರು ಹೊರಟುಹೋದರು. ಆ ಹತ್ತು ಪ್ರತಿಗಳನ್ನು ಇನ್ನು ಕೊಳ್ಳುವುದಾದರೆ ಪದ್ಮಮ್ಮ ಎಂಬ ಹೆಸರಿನವರೇ ಕೊಳ್ಳಬೇಕು.

ನಾಲ್ಕಾಯಿತು. ಅಂಗಡಿ ಖಾಲಿಯಾಯಿತು. ಕಿಟಕಿಯ ಕಪಾಟಿನಿಂದ ಬಾಗಿಲ ತನಕ ನೆಲದ ತುಂಬ ಬೂಂದಿಯೇ ಬೂಂದಿ. ಮಾರ್ಗರೆಟ್ ನೆಲವನ್ನು ನೋಡಿದಳು, ಪೆಟ್ಟಿಗೆಯಲ್ಲಿ ಹಾಗೇ ಉಳಿದ ಪುಸ್ತಕಗಳನ್ನು ನೋಡಿದಳು. ಒಳಗೆ ಹೋಗಿ ಒಂದು ಪೊರಕೆ ತಂದು ಲೇಖಕನ ಕೈಗೆ ಕೊಟ್ಟಳು. ಯಾಕೆಂದು ತಿಳಿಯದೆ ಅವನು ಪೊರಕೆ ಹಿಡಿದು ಹಾಗೇ ನಿಂತಿದ್ದ.

ಇಂಚರ ಫೋನಿನಿಂದ ತಲೆ ಎತ್ತಿದಳು. ಹುಟ್ಟಿದ ಮೇಲೆ ಮೊದಲ ಸಲ, ಒಂದಕ್ಷರವೂ ತಪ್ಪದೆ, ಅಚ್ಚ ಕನ್ನಡದಲ್ಲಿ ಹೇಳಿದಳು:

"ಅಪ್ಪಾ, ಗುಡಿಸು."