ಲಗ್ನಪತ್ರಿಕೆಯ ತಲೆಕಟ್ಟು

ಶರಣೂ, ಭಾಗ್ಯಾ, ಮೊನ್ನೆ ನೀವಿಬ್ಬರೂ ಫೋನಿನಲ್ಲಿ ಕನ್ನಡ ಅಕ್ಷರಗಳಿಗೆ ಬಗೆಬಗೆಯ ವೇಷ ಹಾಕಿ, ಯಾವ ಫಾಂಟ್ ಛಂದ ಎಂದು ಕೇಳಿದಿರಿ. ಎಲ್ಲಾ ಛಂದ ಎಂದು ಜಾರಿಕೊಂಡೆ. ಮಂದಿಯ ಎದುರು ಅಭಿಪ್ರಾಯ ಹೇಳುವುದೆಂದರೆ ನನ್ನ ನಾಲಿಗೆ ಅಂಟಿಕೊಳ್ಳುತ್ತದೆ, ಮೊಮ್ಮಕ್ಕಳೂ ಮಂದಿಯೇ, ಅದಕ್ಕೇ ಬರೆದು ಹೇಳುತ್ತಿದ್ದೇನೆ. ಆದರೆ ಅಕ್ಷರದ ರೂಪ ಸಣ್ಣ ಸಂಗತಿಯಲ್ಲ. ಅದರ ಸಲುವಾಗಿ ನನ್ನ ಲಗ್ನವೇ ನಿಲ್ಲುವುದರಲ್ಲಿತ್ತು.

ನಮ್ಮ ಸೀಮೆ ಆಗಷ್ಟೇ ಹೈದರಾಬಾದಿನಿಂದ ಮೈಸೂರು ರಾಜ್ಯಕ್ಕೆ ಬಂದಿತ್ತು. ಅದಕ್ಕೂ ಮುಂಚೆ ಕಚೇರಿಯ ಬೋರ್ಡಿನಿಂದ ಹಿಡಿದು ದೊಡ್ಡವರ ಲಗ್ನಪತ್ರಿಕೆಯ ತನಕ ಉರ್ದುವಿನದೇ ದರ್ಬಾರು. ಶಹಾಬಾದಿನ ಛಾಪಖಾನೆಯವ ಉರ್ದು, ತೆಲುಗು ಛಾಪಿಸಿ ಪಳಗಿದವ. ಕನ್ನಡದ ಅಚ್ಚಿನ ಮೊಳೆಗಳನ್ನು ಹೊಸದಾಗಿ ತರಿಸಿದ್ದ. ಆ ವರ್ಷ ಎಲ್ಲರಿಗೂ ಒಮ್ಮೆಲೇ ಕನ್ನಡದ ಪತ್ರಿಕೆಯೇ ಬೇಕಾಯಿತು. ನಮ್ಮಪ್ಪನ ಪಾಳಿ ಬರುವಷ್ಟರಲ್ಲಿ 'ವ', 'ದ', 'ನ' ತೀರಿಹೋಗಿದ್ದವು. ಛಾಪಖಾನೆಯವ ಆ ಜಾಗದಲ್ಲಿ ತೆಲುಗಿನ ಮೊಳೆ ತುಂಬಿ ಕೆಲಸ ಮುಗಿಸಿದ. ಎರಡೂ ಲಿಪಿ ಅಕ್ಕತಂಗಿಯರು ತಾನೇ! ನಮ್ಮದರ ತಲೆಕಟ್ಟು, ಅಂದರೆ ನೆತ್ತಿಯ ಮೇಲಿನ ಗೆರೆ, ಅಡ್ಡ ಮಲಗಿರುತ್ತದೆ, ಅವರದು ಮೇಲಕ್ಕೆ ನೆಗೆದಿರುತ್ತದೆ. ಓದು ಬಾರದ ಅಪ್ಪ ಪತ್ರಿಕೆಗಳ ಕಟ್ಟು ಬಗಲಲ್ಲಿ ಇಟ್ಟುಕೊಂಡು ಬಂದ.

ಪತ್ರಿಕೆಗೆ ಕುಂಕುಮ ಹಚ್ಚಲು ಚಿಂಚೋಳಿ ಹತ್ತಿರದ ನಮ್ಮ ಊರಿಗೆ ಚಿತ್ತಾಪುರದಿಂದ ನನ್ನ ಮಾವನಾಗುವವರು ಬಂದರು. ಜೊತೆಗೆ ವರನ ಸೋದರಮಾವ, ಸೇಡಂನವರು. ಈ ಸೇಡಂ ಮಾವ ಏಕೀಕರಣದ ಮೆರವಣಿಗೆಯಲ್ಲಿ ಕೂಗಿ ಗಂಟಲು ಕೆಡಿಸಿಕೊಂಡವರು. ಪತ್ರಿಕೆ ನೋಡಿದ್ದೇ ಮುಖ ಕೆಂಪಾಯಿತು.

"ಬೀಗರೇ, ಮೈಸೂರಿನ ಹೊಸ್ತಿಲಾ ಇನ್ನಾ ದಾಟಿಲ್ಲ, ಆಗಲೇ ನಮ್ಮ ಹೆಸರಿಗಿ ತೆಲಗು ಟೋಪಿ ಹಾಕಿರೇನ್ರಿ?"

ನನ್ನ ಅವ್ವನ ತವರು ತೆಲುಗು ಸೀಮೆ. ಬೇಕೆಂದೇ ಮಾಡಿದ್ದೇವೆ ಎಂದು ಅವರ ಗುಮಾನಿ. ಹೊಸ ಮೊಳೆ ವಾಡಿ ಸ್ಟೇಷನ್ನಿಗೆ ಬಂದು ಇಳಿಯಲಿ, ಬೇರೆ ಛಾಪಿಸಲಿ, ಅಲ್ಲಿಯ ತನಕ ಲಗ್ನವಿಲ್ಲ ಎಂದುಬಿಟ್ಟರು. ಮುಹೂರ್ತ ರೈಲಿಗಾಗಿ ಕಾಯುತ್ತದೆಯೇ? ಅಪ್ಪ ರುಮಾಲು ಕೈಯಲ್ಲಿ ಹಿಡಿದು ನಿಂತ.

ನನ್ನ ಮಾವ ಕಲಿತದ್ದು ಉರ್ದು ಶಾಲೆಯಲ್ಲಿ. ಕನ್ನಡ ಲಿಪಿ ಅವರಿಗೆ ಸಾಲಾಗಿಟ್ಟ ಗಡಿಗೆಗಳಂತೆ ಕಾಣುತ್ತಿತ್ತಂತೆ. "ಕೆಟ್ಟದೋ ನೆಟ್ಟಗದೋ ನನಗೇನ್ ಗೊತ್ತು. ಹುಡುಗಿ ಸಾಲಿ ಕಲ್ತಾಳ ಅಂದೀರಲ್ಲ, ಓದಲಿ," ಎಂದರು.

ತಡವರಿಸಿದರೆ ಪತ್ರಿಕೆಯೂ ಹೋಯಿತು, ನಾನೂ ಹೋದೆ. ಬಾಗಿಲ ಹಿಂದೆ ನಿಂತು, ಕಾಗದದಲ್ಲಿ ಮುಖ ಮುಚ್ಚಿಕೊಂಡು ಓದಿದೆ. ಎಲ್ಲಿಯೂ ನಿಲ್ಲಲಿಲ್ಲ. ಧೈರ್ಯದಿಂದಲ್ಲ, ನಮ್ಮ ಊರಿನ ಮಾಸ್ತರರು ತೆಲುಗು ಸೀಮೆಯವರು, ಕರಿಹಲಗೆಯ ಮೇಲೆ ಕನ್ನಡವನ್ನು ಹಾಗೆಯೇ ನೆಗೆಸಿ ಬರೆಯುತ್ತಿದ್ದರು. ದೋಷ ಎಲ್ಲಿದೆಯೆಂದು ಹುಡುಕುತ್ತಲೇ ಕೊನೆ ಮುಟ್ಟಿದೆ.

"ತಪ್ಪು ಯಾವ್ದರಿ? ನನಗ ಸಿಗಲಿಲ್ಲ," ಎಂದೆ.

ಮಾವ ಹೊಟ್ಟೆ ಹಿಡಿದು ನಕ್ಕು, ಸೇಡಂನವರ ಕಡೆ ತಿರುಗಿದರು. "ಕೇಳ್ದಿ ಏನಪಾ? ಕಿವಿಗಿ ಬರೇ ಕನ್ನಡನೇ ಬಂತು. ಟೋಪಿ ಬ್ಯಾರೆ ಆದ್ರ ತಲಿ ಬ್ಯಾರೆ ಆಗ್ತದೇನು? ಹಚ್ರಿ ಕುಂಕುಮ." ಹೇಳುವಾಗ ಅವರ ತಲೆಯ ಮೇಲೆ ನಿಜಾಮರ ಕಾಲದ ಕೆಂಪು ಟೋಪಿಯೇ ಇತ್ತು.

ಸೇಡಂ ಮಾವ ಮಾತ್ರ ಪತ್ರಿಕೆಯ ಮೂಲೆಗೆ ಹಚ್ಚಬೇಕಾದ ಕುಂಕುಮವನ್ನು ಹುಡುಕಿ ಹುಡುಕಿ ನೆಗೆದ ಗೆರೆಗಳ ಮೇಲೆಯೇ ಒತ್ತಿದರು. ಅಷ್ಟು ಕೆಂಪಾದ ಪತ್ರಿಕೆ ನಮ್ಮ ಸೀಮೆಯಲ್ಲಿ ಮತ್ತೊಂದಿರಲಿಲ್ಲ.

ಮಾಸ್ತರರಿಗೆ, ಮಾವನಿಗೆ ನಾನು ಇಂದಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಅವರಿಲ್ಲದಿದ್ದರೆ ನಿಮ್ಮ ಅಜ್ಜ ಸಿಗುತ್ತಿರಲಿಲ್ಲ, ನೀವೂ. ಇದನ್ನು ಫೋನಿಗೆ ಹಾಕುವಾಗ ನಿಮಗೆ ಛಂದ ಕಂಡ ಫಾಂಟ್ ಹಾಕಿರಿ. ಆದರೆ ಈ ಹಾಳೆಗಳನ್ನು ಒಗೆಯಬೇಡಿ. ನನ್ನ ಬರವಣಿಗೆಯ ಗೆರೆಗಳು ಇನ್ನೂ ಮಾಸ್ತರರಂತೆ ಮೇಲಕ್ಕೇ ನೆಗೆಯುತ್ತವೆ. ಮಂದಿಯೆದುರು ತಲೆ ಎತ್ತದವಳ ಅಕ್ಷರಗಳಾದರೂ ತಲೆ ಎತ್ತಿ ನಿಂತಿವೆ, ಜೋಪಾನವಾಗಿಡಿ.