ಬೀಗರು ಕೂಡದೆ ಸಕ್ಕರೆಯಿಲ್ಲ

ಕೊಳಕೂರ, ಜೇವರ್ಗಿ ತಾಲೂಕು
೧೨ ಫೆಬ್ರವರಿ ೧೯೮೭

ರೋಗಿಯ ಮುಖವೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಕೂಲಂಕಷವಾಗಿ ಪರೀಕ್ಷಿಸಬಲ್ಲ ಮಾನ್ಯ ಸರ್ಜನ್ ಸಾಹೇಬರೇ,

ತಮಗೆ ಸಾವಿರ ಶರಣು. ಈ ಪತ್ರವನ್ನು ಜೋಳದ ಚೀಲಗಳ ಮೇಲೆ ಕಾಗದವಿಟ್ಟು ನಿಂತುಕೊಂಡೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದನ್ನೂ ಚಿಕಿತ್ಸೆಯ ಫಲಿತಾಂಶದಲ್ಲಿ ಸೇರಿಸಿಕೊಳ್ಳಬೇಕಾಗಿ ವಿನಂತಿ.

ಮೂಲವ್ಯಾಧಿಯನ್ನು ಕೊಯ್ದು ತೆಗೆಯುವುದು ಮೇಲೋ, ರಬ್ಬರ್ ಬ್ಯಾಂಡ್ ಬಿಗಿದು ಉದುರಿಸುವುದು ಮೇಲೋ ಎಂದು ಹೋಲಿಸಿ ನೋಡುವ ಲೋಕೋಪಕಾರಕ್ಕಾಗಿ ತಾವು ಚೀಟಿ ಎತ್ತಿದಿರಿ. ಏಳನೆಯ ನಂಬರಿನವನಾದ ನನಗೆ ಕೊಯ್ಯುವ ಚೀಟಿ ಬಂತು, ಎಂಟನೆಯವರಿಗೆ ಬ್ಯಾಂಡ್ ಬಂತು. ಅವರು ಯಾರೆಂದು ಕೇಳಿದರೆ, ಹೆಸರು ಹೇಳುವುದು ನಿಯಮಕ್ಕೆ ವಿರುದ್ಧ ಎಂದಿರಿ. ಒಪ್ಪಿದೆ. ಆದರೆ ಹೆಸರೊಂದನ್ನು ಬಿಟ್ಟು ಅವರ ಮಹಿಮೆಯನ್ನೆಲ್ಲ ದಿನವೂ ನನ್ನ ಮಂಚದ ಬಳಿ ಪಾರಾಯಣ ಮಾಡಿದ್ದು ಯಾವ ನಿಯಮವೋ ತಿಳಿಯದು. ನಾನು ಬಿಸಿನೀರಿನ ಟಬ್ಬಿನಲ್ಲಿ ಕೂತು ಮನೆದೇವರನ್ನು ಕೂಗುತ್ತಿದ್ದಾಗ ತಾವು, “ಎಂಟನೇ ನಂಬರಿನವರು ಮೂರನೇ ದಿನಕ್ಕ ಬಸ್ಸಿನಾಗ ಕೂತು ಆಳಂದಕ್ಕ ಹೋದ್ರು ನೋಡ್ರಿ” ಎಂದಿರಿ. ನೋವನ್ನು ಸೊನ್ನೆಯಿಂದ ಹತ್ತರೊಳಗೆ ಗುರುತಿಸಲು ಕೊಟ್ಟ ಗೆರೆ ಸಾಲದೆ, ನಾನು ಅದನ್ನು ಕಾಗದದಾಚೆ ಚಾದರದ ಮೇಲೂ ಎಳೆದೆ. ನಿಜ ಹೇಳುತ್ತೇನೆ, ಆ ಎಂಟನೆಯವರಷ್ಟು ಜೀವನದಲ್ಲಿ ನಾನು ಯಾರನ್ನೂ ದ್ವೇಷಿಸಿಲ್ಲ.

ಕೊಯ್ದ ಹದಿನೆಂಟನೆಯ ದಿನ ನಮ್ಮ ಮಗಳು ಗೌರಾಬಾಯಿಯ ಮದುವೆಯ ಮಾತಿಗೆ ಮಾದನಹಿಪ್ಪರಗಾದ ದೌಲತರಾಯರು ಮಗನನ್ನು ಕರೆದುಕೊಂಡು ಬಂದರು. ಹುಡುಗ ಒಳ್ಳೆಯವನು, ಮಗಳಿಗೂ ಮನಸ್ಸಿತ್ತು. ನಮ್ಮಲ್ಲಿ ಬೀಗರಿಬ್ಬರೂ ಒಂದೇ ಜಮಖಾನೆಯ ಮೇಲೆ ಕೂತ ಮೇಲೆಯೇ ಸಕ್ಕರೆ ಹಂಚುವುದು. ನಿಂತೇ ಇದ್ದರೆ ಸಂಬಂಧ ಬೇಡವೆಂದು ಅರ್ಥ. ಕಾಯಿಲೆ ಹೇಳಿಬಿಡೋಣವೆಂದರೆ, ಹೊಸ ಬೀಗರೆದುರು ಆ ಜಾಗದ ಸುದ್ದಿ ಎತ್ತುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. “ಕೂಡ್ರಿ” ಎಂದೆ. “ಮೊದಲ ನೀವು ಕೂಡ್ರಿ” ಎಂದರು. “ಮನಿಗಿ ಬಂದಾವ್ರು ನೀವು” ಎಂದೆ. “ಹೆಣ್ಣಿನ ತಂದಿ ನಿಂತಾಗ ನಾ ಹೆಂಗ ಕೂಡ್ಲಿರಿ” ಎಂದರು. ಈ ಮರ್ಯಾದೆ ಒಂದು ತಾಸು ನಡೆಯಿತು. ಹಿರಿಯರ ಮುಖ ಬಿಗಿಯಿತು, ಹುಡುಗನ ಸೋದರಮಾವ ಚಪ್ಪಲಿ ಹುಡುಕತೊಡಗಿದ. ಬಾಗಿಲ ಮರೆಯಲ್ಲಿ ಮಗಳ ಕಣ್ಣು ತುಂಬಿದ್ದು ಕಂಡೆ. ಏನಾದರಾಗಲಿ ಎಂದು ಮೊಣಕಾಲು ಮಡಚಿದವನು ಅರ್ಧಕ್ಕೇ ಯವ್ವಾ ಎಂದು ಎದ್ದುಬಿಟ್ಟೆ.

ಆಗ ಎಂಬತ್ತು ದಾಟಿದ ನನ್ನ ಸೋದರತ್ತೆ ನಿಂಬೆವ್ವ ಒಳಗಿನಿಂದ ತಮ್ಮ ದವಾಖಾನೆಯಲ್ಲಿ ಕೂಡಲು ಕೊಟ್ಟ ಗಾಳಿದಿಂಬನ್ನು, ಅದೇ ನಡುವೆ ತೂತಿರುವ, ೭ ಎಂದು ಬರೆದಿರುವ ದಿಂಬನ್ನು, ತಂದು ಜಮಖಾನೆಯ ಮೇಲೆ ಒಗೆದು, “ಇಂವಗ ಮೂಲವ್ಯಾಧಿ ಕೊಯ್ದಾರ್ರಿ, ಇದಿಲ್ದ ಕೂಡಂಗಿಲ್ಲ” ಎಂದಳು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ದೌಲತರಾಯರ ಹೆಂಡತಿ ಗಂಗಾಬಾಯಿ ತಮ್ಮ ಕೈಚೀಲದಿಂದ ಅಂಥದೇ ದಿಂಬನ್ನು ತೆಗೆದು ಅದರ ಪಕ್ಕದಲ್ಲಿಟ್ಟರು. ಅದರ ಮೇಲೆ ೮ ಎಂದಿತ್ತು.

ಮೊದಲ ಬ್ಯಾಂಡ್ ಕೈಕೊಟ್ಟು, ಎರಡು ದಿನದ ಹಿಂದಷ್ಟೇ ತಾವು ದೌಲತರಾಯರಿಗೆ ಮತ್ತೆ ಬಿಗಿದಿದ್ದಿರಂತೆ. ಮರುದಿನವೇ ಡ್ರೆಸಿಂಗಿಗೆ ಬಂದ ನನಗೆ ಆ ಸುದ್ದಿ ಮಾತ್ರ ಹೇಳಲಿಲ್ಲ. ಅವರಿಗಾದರೋ, “ಏಳನೇ ನಂಬರಿನವರು ಒಮ್ಮಿ ಕೊಯ್ಸಿಕೊಂಡು ಆರಾಮ ಆಗ್ಯಾರ” ಎಂದಿದ್ದಿರಂತೆ. ಅವರೂ ನನ್ನನ್ನು ಮನಸಾರೆ ಶಪಿಸಿದ್ದರು. ಇಬ್ಬರೂ ನಮ್ಮ ನಮ್ಮ ನಂಬರಿನ ಮೇಲೆ ಕೂತೆವು, ಸಕ್ಕರೆ ಹಂಚಿದರು, ಮಗಳು ನಕ್ಕಳು.

ಆದ್ದರಿಂದ ಮುಂದೆ ನಂಬರು ಕೊಡುವ ಮೊದಲು ರೋಗಿಯ ಮನೆಯಲ್ಲಿ ಮದುವೆಗೆ ಬಂದ ಮಕ್ಕಳುಂಟೇ ಎಂದು ವಿಚಾರಿಸಬೇಕು. ಫಾರಮಿನಲ್ಲಿ ‘ಬೀಗರೆದುರು ನಿಂತ ತಾಸು’ ಎಂಬ ಕಲಂ ಸೇರಿಸಬೇಕು. ಹೊಲಿಗೆಯಲ್ಲಿ ತಮ್ಮ ಕೈ ಪಳಗಿರುವುದರಿಂದ ಬೀಗರ ಊರಿಗೆ ಹೋಗಬೇಕಾದ, ಜೇವರ್ಗಿಯಿಂದ ಆಳಂದದವರೆಗಿನ ರಸ್ತೆಯ ತೆಗ್ಗುಗಳನ್ನೂ ಹೊಲಿದುಕೊಡಬೇಕು.

ಸದ್ಯಕ್ಕೆ ನಿಂತೇ ಇರುವ ತಮ್ಮ ವಿಶ್ವಾಸಿ,
ಶಾಂತಲಿಂಗಪ್ಪ, ಏಳನೆಯ ನಂಬರು

ತಾ.ಕ.: ಲಗ್ನಪತ್ರಿಕೆ ಇದರೊಂದಿಗಿದೆ, ತಪ್ಪದೆ ಬರಬೇಕು. ತಮಗೆ ಕುರ್ಚಿಯೋ, ಮೂರು ತಾಸು ನಿಲ್ಲುವುದೋ ಎಂಬುದನ್ನು ನಿಂಬೆವ್ವ ಬಾಗಿಲಲ್ಲೇ ಚೀಟಿ ಎತ್ತಿಸಿ ತೀರ್ಮಾನಿಸುತ್ತಾಳೆ. ಎರಡೂ ಚೀಟಿಯಲ್ಲಿ ಒಂದೇ ಮಾತು ಬರೆದಿದ್ದಾಳೆ.