ಅತಿ ಸಮತಟ್ಟಾದ ಜಾಗದಲ್ಲಿ ಬಿದ್ದವನು

ಆ ಪಟ್ಟಣದ ಪುರಸಭಾ ವ್ಯಾಪ್ತಿಯಲ್ಲಿ ಇಳಿಜಾರು ಇರುವುದಿಲ್ಲ. ಹಿಂದೆ ಇತ್ತು. ಹನ್ನೊಂದು ವರ್ಷದ ಹಿಂದೆ ಒಂದು ಮಂಗಳವಾರ ಮಧ್ಯಾಹ್ನ ಮೂರೂಕಾಲಿಗೆ ಅದನ್ನು ಸರ್ವಾನುಮತದಿಂದ ರದ್ದುಪಡಿಸಲಾಯಿತು.

ಇಳಿಜಾರು ಇರುವ ಊರುಗಳೆಲ್ಲ ಜನ ಹಿಡಿದು ನಡೆಯಲು ಕಂಬಿ ಹಾಕಿಸತಕ್ಕದ್ದು ಎಂದು ಮೇಲಿನಿಂದ ಆದೇಶ ಬಂದಿತ್ತು. ಕಂಬಿ ಹಾಕಿಸುವುದು ವರ್ಷಗಟ್ಟಲೆ ಹಿಡಿಯುವ ಕೆಲಸ. ಇಳಿಜಾರು ತೆಗೆಯುವುದಕ್ಕೆ ಒಂದು ಠರಾವು ಸಾಕು. ಸಭೆ ನಡೆದ ಕಟ್ಟಡಕ್ಕೆ ಮುಂದಿನಿಂದ ನೋಡಿದರೆ ನಾಲ್ಕು ಅಂತಸ್ತು, ಹಿಂದಿನಿಂದ ನೋಡಿದರೆ ಒಂದೇ. ಹಿಂದಿನ ರಸ್ತೆಯಿಂದ ನೇರವಾಗಿ ಒಳಗೆ ನಡೆದುಬಂದ ಸದಸ್ಯರು ನಾಲ್ಕನೇ ಅಂತಸ್ತಿನಲ್ಲಿ ಕೂತು ಕೈ ಎತ್ತಿದರು. ಅಂದಿನಿಂದ ಪುರಸಭೆಯ ಪುಸ್ತಕದಲ್ಲಿ ಭೂಮಿ ಎರಡೇ ಬಗೆ: ಸಮತಟ್ಟು, ಅತಿ ಸಮತಟ್ಟು. ಯಾವ ಜಾಗದಲ್ಲಿ ಮನುಷ್ಯ ನಿಲ್ಲುವುದಕ್ಕೂ ಕಷ್ಟಪಡುತ್ತಾನೋ ಅದು ಎರಡನೆಯದು.

ಇಂಥ ಅತಿ ಸಮತಟ್ಟಾದ ಜಾಗಗಳಲ್ಲಿ ಗಿಡಗಂಟಿ ಸವರುವ ಪರವಾನಗಿ ಇದ್ದವನು ಊರಿಗೆಲ್ಲ ಒಬ್ಬನೇ. ಅವನನ್ನು ಎಲ್ಲರೂ ಉಡ ಎನ್ನುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಮದುವೆಯ ಪತ್ರಿಕೆಯಲ್ಲಿ ಮಾತ್ರ ಉಳಿದಿತ್ತು. ಇಪ್ಪತ್ತೇಳು ವರ್ಷದಿಂದ ಮುಳ್ಳಿನ ಅಟ್ಟೆಯ ಬೂಟು ಹಾಕಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದು, ಹಗ್ಗದ ಇನ್ನೊಂದು ತುದಿಯನ್ನು ಗಟ್ಟಿ ಮರಕ್ಕೆ ಕಟ್ಟಿ, ಕತ್ತರಿಸುವ ಯಂತ್ರ ಹಿಡಿದು ಇಳಿಯುವುದು ಅವನ ಕಸುಬು. ಮನೆಗಳ ಹಿಂದಿನ ಕಾಡುಗಿಡ ಒಣಗಿ ಬೇಸಿಗೆಯಲ್ಲಿ ಬೆಂಕಿ ಹತ್ತದ ಹಾಗೆ ಸವರುತ್ತಿದ್ದ. ಮೇಲಿನದನ್ನು ಕತ್ತರಿಸುತ್ತಿದ್ದನೇ ಹೊರತು ಬೇರಿಗೆ ಕೈ ಹಾಕುತ್ತಿರಲಿಲ್ಲ. ಮಣ್ಣನ್ನು ಹಿಡಿದುಕೊಂಡಿರುವುದೇ ಬೇರು. ಕೆಲಸ ಬಲ್ಲವನು. ಅವನ ತೊಂದರೆ ಕಾಲಿನದಾಗಿರಲಿಲ್ಲ, ಬಾಯಿಯದು.

"ನಾನು ಬಿದ್ದೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಗುಡ್ಡ ಬಿದ್ದಿರುತ್ತೆ, ಅದರ ಜೊತೆ ನಾನು ಹೋಗಿರ್ತೀನಿ ಅಷ್ಟೆ," ಎಂದು ಚಹದಂಗಡಿಯಲ್ಲಿ ದಿನಕ್ಕೆ ಎರಡು ಸಲ ಹೇಳುತ್ತಿದ್ದ. ಹೊಸಬರು ಯಾರಾದರೂ ಬಂದರೆ ಮೂರು ಸಲ.

ಅವನು ಬಿದ್ದದ್ದು ಟೀಚರಮ್ಮನ ಮನೆಯ ಹಿಂದೆ. ಟೀಚರಮ್ಮ ಎಂದರೆ ಕೆಲಸದಿಂದ ನಿವೃತ್ತರಾಗಿ ಗುಡ್ಡದ ನೆತ್ತಿಯ ಮನೆಯಲ್ಲಿ ಒಬ್ಬರೇ ಇದ್ದ ಹೆಂಗಸು. ಅವರ ಹಿತ್ತಿಲು ಎಷ್ಟು ಅತಿ ಸಮತಟ್ಟಾಗಿತ್ತೆಂದರೆ, ಹಗ್ಗಕ್ಕೆ ಹಾಕಿದ ಬಟ್ಟೆ ಜಾರಿದರೆ ಕೆಳಗಿನ ಬೀದಿಯ ಔಷಧಿ ಅಂಗಡಿಯವನು ಸುತ್ತು ಬಳಸಿ ತಂದುಕೊಡಬೇಕಾಗುತ್ತಿತ್ತು. ಅಂದು ಬೆಳಗ್ಗೆ ಟೀಚರಮ್ಮ ಅಡುಗೆಮನೆಯ ಕಿಟಕಿಯಿಂದ ಕೂಗಿ ಕೇಳಿದರು:

"ಹಗ್ಗ ಸರಿಯಾಗಿ ಕಟ್ಕೊಂಡಿದೀಯೇನಪ್ಪ?"

ಇಪ್ಪತ್ತೇಳು ವರ್ಷದ ಅನುಭವಸ್ಥನನ್ನು ಹೀಗೆ ಕೇಳಬಾರದಿತ್ತು. ಉಡ ಯಂತ್ರ ನಿಲ್ಲಿಸಿ ಕೊಂಬೆಗೆ ತೂಗುಹಾಕಿದ. ಆಮೇಲೆ ಹಗ್ಗ ಬಿಚ್ಚಿದ. ಎರಡೂ ಕೈ ಅಗಲಿಸಿ ಕಿಟಕಿಯ ಕಡೆ ತಿರುಗಿ, "ಟೀಚರಮ್ಮ, ಹಗ್ಗ ಬೇಕಾಗಿರೋದು ಬೀಳೋರಿಗೆ. ನಾನು ಇಲ್ಲಿವರೆಗೂ ಒಂದು ಸಲಾನೂ—" ಎಂದ.

ಆ ವಾಕ್ಯದ ಕೊನೆ ಟೀಚರಮ್ಮನಿಗೆ ಕೇಳಿಸಲಿಲ್ಲ. ಔಷಧಿ ಅಂಗಡಿಯವನಿಗೆ ಕೇಳಿಸಿತು.

ಬಲಗಾಲಿಗೆ ಮಂಡಿಯಿಂದ ಕೆಳಗೆ ಪಟ್ಟಿ ಬಿತ್ತು. ಆಸ್ಪತ್ರೆಗೆ ಓಡಿಬಂದ ಹೆಂಡತಿ ಮಂಚದ ಪಕ್ಕ ನಿಂತು, ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಪ್ರಾಣಕ್ಕೇನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಕೇಳಿದಳು: "ಏನ್ರೀ, ಗುಡ್ಡ ಬಿತ್ತಾ?"

ಉಡ ಚಾವಣಿಯ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡಿದ.

ಕೆಲಸದಲ್ಲಿ ಅಪಘಾತವಾದರೆ ಪುರಸಭೆಗೆ ತಿಳಿಸಬೇಕು, ಇಲ್ಲದಿದ್ದರೆ ಪರವಾನಗಿ ಹೋಗುತ್ತದೆ. ವಾರ ಕಳೆದು ಗಂಡ ಹೆಂಡತಿ ಊರುಗೋಲಿನ ಸಮೇತ ಗುಮಾಸ್ತನ ಮುಂದೆ ನಿಂತರು. ಗುಮಾಸ್ತ ಮರ್ಯಾದಸ್ಥ. ಕುರ್ಚಿ ಕೊಟ್ಟ, ನೀರು ಕೊಟ್ಟ, ಪೆನ್ನಿನ ಮುಚ್ಚಳ ತೆಗೆದ.

"ಬಿದ್ದ ಜಾಗ?"

"ಇಳಿಜಾರು."

"ಆ ಪದ ನಮ್ಮಲ್ಲಿಲ್ಲ. ಅತಿ ಸಮತಟ್ಟು ಅಂತ ಹಾಕ್ತೀನಿ. ಎಲ್ಲಿಂದ ಎಲ್ಲಿಗೆ ಬಿದ್ರಿ?"

"ಮೇಲಿಂದ ಕೆಳಕ್ಕೆ."

"ಮೇಲೆ ಕೆಳಗೆ ಅಂತ ಬರೆಯೋ ಹಾಗಿಲ್ಲ. ಅಲ್ಲಿಂದ ಇಲ್ಲಿಗೆ ಅಂತ ಬರೀತೀನಿ, ಆಗಬಹುದಾ?"

"ನಲವತ್ತು ಅಡಿ ಉರುಳಿದಾರೆ ಕಣಪ್ಪ," ಎಂದಳು ಹೆಂಡತಿ.

ಗುಮಾಸ್ತ ಪೆನ್ನು ನಿಲ್ಲಿಸಿ ಉಡನನ್ನು ಗೌರವದಿಂದ ನೋಡಿದ. "ಸಮತಟ್ಟಾದ ಜಾಗದಲ್ಲಿ ನಲವತ್ತು ಅಡಿ ಉರುಳೋದಂದ್ರೆ ಸುಮ್ಮನೆ ಮಾತಲ್ಲಮ್ಮ. ಪ್ರಯತ್ನ ಬೇಕು." ಸ್ವಪ್ರಯತ್ನದಿಂದ ಎಂದು ಬರೆದುಕೊಂಡ.

ಅದಾದ ಎಂಟನೇ ದಿನಕ್ಕೆ ನೋಟೀಸು ಬಂತು.

"ಬಿಸಿಲಿನ ವಾತಾವರಣದಲ್ಲಿ, ಅತಿ ಸಮತಟ್ಟಾದ ಸ್ಥಳದಲ್ಲಿ, ಯಾರೂ ತಳ್ಳದೆ ಇದ್ದಾಗ್ಯೂ ತಾವು ಅಲ್ಲಿಂದ ಇಲ್ಲಿಗೆ ಸ್ವಪ್ರಯತ್ನದಿಂದ ಉರುಳಿರುವುದು ಕಂಡುಬಂದಿರುತ್ತದೆ. ಇಂಥ ವ್ಯಕ್ತಿಯ ಕೈಯಲ್ಲಿ ಹರಿತವಾದ ಯಂತ್ರವಿರುವುದು ಸಾರ್ವಜನಿಕ ಹಿತದೃಷ್ಟಿಯಿಂದ ಸೂಕ್ತವಲ್ಲವಾದ್ದರಿಂದ ತಮ್ಮ ಪರವಾನಗಿಯನ್ನು ಅಮಾನತಿನಲ್ಲಿಡಲಾಗಿದೆ. ತಾವು ಮೂರು ತಿಂಗಳ ಪ್ರಾಥಮಿಕ ನಡಿಗೆ ತರಬೇತಿಯನ್ನು ಯಶಸ್ವಿಯಾಗಿ ಪೂರೈಸತಕ್ಕದ್ದು."

ಕಾಲು ಮುರಿದದ್ದಕ್ಕಿಂತ ಇದು ಹೆಚ್ಚು ನೋಯಿಸಿತು. ಊರಿನವರು ಬೀದಿಯ ಗೋಡೆ ಹಿಡಿದು ಏದುಸಿರು ಬಿಡುತ್ತ ಅವನ ಮನೆಯವರೆಗೆ ಹತ್ತಿಬಂದು, "ನೋಡ್ಕೊಂಡು ನಡೀಬೇಕಪ್ಪ. ಬೇರೆ ಊರಾಗಿದ್ರೆ ಹೋಗಲಿ ಅನ್ನಬಹುದಿತ್ತು. ನಮ್ಮದು ಸಮತಟ್ಟು ಊರು," ಎಂದು ಬುದ್ಧಿ ಹೇಳಿ, ಹೋಗುವಾಗ ಮತ್ತೆ ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಳಿದರು. ಚಹದಂಗಡಿಯಲ್ಲಿ ಅವನ ಬೆಂಚಿನ ಮೇಲೆ ಬೇರೆ ಯಾರೋ ಕೂರತೊಡಗಿದ್ದರು. ಇಪ್ಪತ್ತೇಳು ವರ್ಷ ಗಿಡಗಂಟಿಯ ಜೊತೆ ಗುದ್ದಾಡಿದವನು ಈಗ ಬಳಪ ಹಿಡಿಯುವ ಮಕ್ಕಳ ಹಾಗೆ ಹೆಜ್ಜೆ ಕಲಿಯಬೇಕು.

ಅವನು ಮೇಲ್ಮನವಿ ಬರೆದ. ಆ ಜಾಗ ಹೇಗೆ ಇಳಿಜಾರು, ಎಷ್ಟು ಇಳಿಜಾರು, ಅಲ್ಲಿ ಕೋಳಿ ಕೂಡ ಯೋಚಿಸಿ ನಡೆಯುತ್ತದೆ ಎಂದೆಲ್ಲ ಮೂರು ಪುಟ ತುಂಬಿಸಿದ. ಹೆಂಡತಿ ಓದಿ ಕಾಗದ ಮಡಚಿದಳು.

"ಗುಡ್ಡದ ಬಗ್ಗೆ ಮೂರು ಪುಟ ಇದೆ. ಹಗ್ಗದ ಬಗ್ಗೆ ಒಂದಕ್ಷರ ಇಲ್ಲವಲ್ರೀ?"

"ಅದು ಪ್ರಸ್ತುತ ಅಲ್ಲ."

"ಆಫೀಸಿನೋರು ಗುಡ್ಡ ಮಾಯ ಮಾಡಿದ್ರು, ನೀವು ಹಗ್ಗ ಮಾಯ ಮಾಡಿದ್ರಿ. ನಿಮಗೆ ಅಲ್ಲೇ ಒಂದು ಕೆಲಸ ಸಿಗಬಹುದು."

ಈ ಮಾತು ನಿಜವಾಗುತ್ತದೆಂದು ಆಗ ಅವಳಿಗೂ ಗೊತ್ತಿರಲಿಲ್ಲ.

ಸ್ಥಳ ಪರಿಶೀಲನೆಗೆ ಸಮತಟ್ಟು ಅಧಿಕಾರಿಯವರು ಖುದ್ದಾಗಿ ಬಂದರು. ಹೊಳೆಯುವ ಬೂಟು, ಕೈಯಲ್ಲಿ ಗಾರೆ ಕೆಲಸದವರು ಬಳಸುವ ರಸಮಟ್ಟ. ಹಿಂದೆ ಕಡತ ಹಿಡಿದ ಗುಮಾಸ್ತ. ಟೀಚರಮ್ಮ ಕಿಟಕಿಯಲ್ಲಿ. ಉಡ ಊರುಗೋಲಿನ ಮೇಲೆ ಭಾರ ಹಾಕಿ, ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಹಿತ್ತಿಲ ಅಂಚಿನಲ್ಲಿ ನಿಂತಿದ್ದ.

ಅಧಿಕಾರಿಗಳು ರಸಮಟ್ಟವನ್ನು ನೆಲದ ಮೇಲಿಟ್ಟರು. ಅದರೊಳಗಿನ ಗುಳ್ಳೆ ಒಂದು ಮೂಲೆಗೆ ಓಡಿತು. ಆಮೇಲೆ ರಸಮಟ್ಟವೇ ಓಡಿತು.

"ಉಪಕರಣ ಸಹಕರಿಸಲಿಲ್ಲ ಅಂತ ಬರೀರಿ," ಎಂದರು ಅಧಿಕಾರಿಗಳು.

ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದ ಗುಮಾಸ್ತ ಉಳಿದ ಕೈಯಲ್ಲಿ ಬರೆದ.

"ನಾನೇ ನಡೆದು ನೋಡ್ತೀನಿ," ಎಂದು ಅಧಿಕಾರಿಗಳು ಹೆಜ್ಜೆ ಇಟ್ಟರು.

"ಸಾರ್, ಹಗ್ಗ ಕಟ್ಕೊಳ್ಳಿ," ಎಂದ ಉಡ.

"ಸಮತಟ್ಟಾದ ಜಾಗಕ್ಕೆ ಹಗ್ಗ ಯಾಕ್ರೀ?"

ಎರಡನೇ ಹೆಜ್ಜೆ ಅವರು ಇಡಲಿಲ್ಲ. ಅದು ತಾನಾಗಿ ಆಯಿತು. ಹನ್ನೆರಡು ಅಡಿ ಜಾರಿ, ಉಡ ಸವರದೆ ಬಿಟ್ಟುಹೋಗಿದ್ದ ಒಂದು ಮುಳ್ಳುಪೊದೆಯನ್ನು ಎರಡೂ ಕೈಯಿಂದ ತಬ್ಬಿಕೊಂಡು, ಹೊಟ್ಟೆಯ ಮೇಲೆ ನಿಂತರು. ಒಂದು ಬೂಟು ಪ್ರಯಾಣ ಮುಂದುವರಿಸಿತು.

ಉಡನಿಗೆ ಒಂದು ಕ್ಷಣ ಬಹಳ ಸಂತೋಷವಾಯಿತು. ಸಂತೋಷ ತೀರಿದ ಮೇಲೆ ಕಸುಬು ನೆನಪಾಯಿತು. ಹಗ್ಗದ ತುದಿಯನ್ನು ಮರಕ್ಕೆ ಬಿಗಿದು ಗಂಟನ್ನು ಜಗ್ಗಿ ನೋಡಿದ.

"ಈ ಸಲ ಕಟ್ಟಿದೀಯೇನಪ್ಪ?" ಎಂದರು ಟೀಚರಮ್ಮ ಕಿಟಕಿಯಿಂದ.

"ಕಟ್ಟಿದೀನಿ ಟೀಚರಮ್ಮ," ಎಂದ ಉಡ, ಸಣ್ಣ ದನಿಯಲ್ಲಿ. ಆಮೇಲೆ ಕೆಳಗೆ ಬಗ್ಗಿ ಕೂಗಿದ: "ಸಾರ್, ಇದು ಎಂಥ ಜಾಗ?"

"ಅತಿ ಸಮತಟ್ಟು!" ಎಂದಿತು ಪೊದೆ.

"ಹಾಗಾದ್ರೆ ಎದ್ದು ನಿಂತ್ಕೊಳ್ಳಿ ಸಾರ್."

ಪೊದೆ ಸ್ವಲ್ಪ ಹೊತ್ತು ಯೋಚಿಸಿತು. ಉಡ ಹಗ್ಗ ಎಸೆದ. ಅದು ಅಧಿಕಾರಿಗಳ ಮೂಗಿನ ಮುಂದೆಯೇ ಬಿತ್ತು. ಅವರು ಹಿಡಿಯಲಿಲ್ಲ.

"ಹಿಡ್ಕೊಳ್ಳಿ ಸಾರ್, ಪೊದೆ ಬಹಳ ಹೊತ್ತು ತಡೆಯಲ್ಲ!"

"ಹಿಡಿಯೋಕಾಗಲ್ಲ! ಹಗ್ಗ ಹಿಡಿದ್ರೆ ಇಳಿಜಾರು ಅಂತ ಒಪ್ಪಿದ ಹಾಗಾಗುತ್ತೆ. ಬಿದ್ದೆ ಅಂತ ಒಪ್ಪಿದ್ರೆ ನಾನೂ ನಡಿಗೆ ತರಬೇತಿಗೆ ಹೋಗಬೇಕಾಗುತ್ತೆ. ಸರ್ವೀಸು ಇನ್ನು ಎರಡು ವರ್ಷ ಇದೆ ಕಣಯ್ಯ!"

ಆ ದನಿಯಲ್ಲಿದ್ದ ಸಂಕಟ ಉಡನಿಗೆ ಚೆನ್ನಾಗಿ ಪರಿಚಯವಿತ್ತು. ಮೂರು ಪುಟ ಬರೆಯುವಾಗ ಅವನ ಎದೆಯಲ್ಲಿದ್ದದ್ದೂ ಅದೇ. ಇಬ್ಬರೂ ಬಿದ್ದಿದ್ದರು, ಹಾಗೆಂದು ಹೇಳಲು ಇಬ್ಬರಿಗೂ ಬಾಯಿ ಬರುತ್ತಿರಲಿಲ್ಲ. ವ್ಯತ್ಯಾಸವೇನೆಂದರೆ ಒಬ್ಬರ ಕೈಯಲ್ಲಿ ಮೊಹರು ಇತ್ತು.

"ಬಿದ್ದೆ ಅಂತ ಯಾರು ಅಂದ್ರು ಸಾರ್?" ಎಂದ ಉಡ ಮೆಲ್ಲಗೆ. "ತಾವು ಮಲಗಿಕೊಂಡು ಪರಿಶೀಲನೆ ಮಾಡ್ತಿದೀರ, ಅಷ್ಟೆ."

ಪೊದೆ ಕೆಮ್ಮಿ ಗಂಟಲು ಸರಿಮಾಡಿಕೊಂಡಿತು. ಆಮೇಲೆ ಅಧಿಕಾರಯುತವಾದ ದನಿ: "ಗುಮಾಸ್ತರೇ, ಬರೀರಿ. ಅಧಿಕಾರಿಗಳು ಮಲಗಿ ಪರಿಶೀಲನೆ ನಡೆಸಿದರು."

"ಬರೆದೆ ಸಾರ್."

"ಹಾಗಾದ್ರೆ ಅವತ್ತು ನಾನು?" ಎಂದ ಉಡ. ಹಗ್ಗವನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡ.

"ನೀವೂ ಪರಿಶೀಲನೆನೇ ಮಾಡಿದ್ದು!"

"ನಲವತ್ತು ಅಡಿನಾ ಸಾರ್?"

"ಕೂಲಂಕಷವಾಗಿ!"

ಹಗ್ಗ ಮುಂದಕ್ಕೆ ಹೋಯಿತು. ಅಳತೆ ಟೇಪು ಎಂಬ ಹೆಸರಿನಲ್ಲಿ ಅಧಿಕಾರಿಗಳು ಅದನ್ನು ಹಿಡಿದುಕೊಂಡು ಮೇಲೆ ಬಂದರು. ಅಂದರೆ, ಅಲ್ಲಿಂದ ಇಲ್ಲಿಗೆ ಬಂದರು. ಟೀಚರಮ್ಮ ಏನೋ ಹೇಳಲು ಬಾಯಿ ತೆರೆದವರು, ಉಡನ ಮುಖ ನೋಡಿ, ಎಲ್ಲರಿಗೂ ಚಹ ಮಾಡಲು ಒಳಗೆ ಹೋದರು.

ಹದಿನೈದು ದಿನದಲ್ಲಿ ಎರಡು ಆದೇಶಗಳು ಹೊರಬಿದ್ದವು. ಮೊದಲನೆಯದರ ಪ್ರಕಾರ ಉಡ ತನ್ನ ಸೇವಾವಧಿಯಲ್ಲಿ ಒಮ್ಮೆಯೂ ಬಿದ್ದಿರುವುದಿಲ್ಲ. ಹೆಂಡತಿ ಅದಕ್ಕೆ ಚೌಕಟ್ಟು ಹಾಕಿಸಿ, ಪಟ್ಟಿ ಕಟ್ಟಿದ ಕಾಲನ್ನು ಅವನು ಚಾಚಿಕೊಂಡು ಕೂರುವ ಕುರ್ಚಿಯ ಮೇಲ್ಗಡೆಯೇ ತೂಗುಹಾಕಿದಳು.

ಎರಡನೆಯ ಆದೇಶ ಪೊದೆಗೆ ಸಂಬಂಧಿಸಿದ್ದು. ಅಧಿಕಾರಿಗಳಿಗೆ ಆಧಾರ ಒದಗಿಸಿದ್ದರಿಂದ ಅದು ಪೊದೆಯಲ್ಲ, ಹಿಡಿದು ನಡೆಯುವ ಕಂಬಿ ಎಂದು ಪುರಸಭೆ ತೀರ್ಮಾನಿಸಿತು. ಅಂಥವು ಊರಿನ ತುಂಬ ಇದ್ದದ್ದರಿಂದ ಎಲ್ಲವನ್ನೂ ಎಣಿಸಿ, ಮುಳ್ಳಿಗೊಂದರಂತೆ ಅಲ್ಲದಿದ್ದರೂ ಬುಡಕ್ಕೊಂದರಂತೆ ಸಂಖ್ಯೆ ಬರೆದು, ಸವರುವುದನ್ನು ನಿಷೇಧಿಸಲಾಯಿತು. ಇಳಿಜಾರೇ ಇಲ್ಲದಿದ್ದರೂ ಮುಂಜಾಗ್ರತೆಯಿಂದ ಕಂಬಿ ಹಾಕಿಸಿಕೊಂಡ ಮೊದಲ ಪಟ್ಟಣವೆಂದು ಮೇಲಿನಿಂದ ಒಂದು ಫಲಕವೂ ಬಂತು. ಅದನ್ನು ಗೋಡೆಗೆ ಹೊಡೆಯುವಾಗ ಅದು ಯಾಕೋ ಓರೆಯಾಗಿಯೇ ಕಾಣುತ್ತಿತ್ತು. ಗೋಡೆಯನ್ನೇ ಸ್ವಲ್ಪ ಓರೆ ಬಳಿದು ಸರಿಪಡಿಸಿದರು.

"ಸಾರ್, ಇಷ್ಟು ಗಿಡಗಂಟಿ ಬಿಟ್ರೆ ಬೇಸಿಗೇಲಿ ಬೆಂಕಿ ಹತ್ತುತ್ತೆ," ಎಂದ ಉಡ ಆಫೀಸಿಗೆ ಹೋಗಿ. ಪರಿಶೀಲನೆ ಮುಗಿದ ಮೇಲೆ ಅವನು ಆಡಿದ ಒಂದೇ ನಿಜವಾದ ಮಾತು ಅದು.

"ಅದಕ್ಕೇ ನಿಮ್ಮನ್ನ ನೀರು ಹಾಕೋಕೆ ನೇಮಿಸಿರೋದು," ಎಂದರು ಅಧಿಕಾರಿಗಳು, ನೇಮಕದ ಕಾಗದ ಮುಂದಿಟ್ಟು. ಜೀವಂತ ಕಂಬಿ ಪಾಲಕ. ಕೆಳಗೆ ಮೊಹರು.

ಉಡ ಕಾಗದವನ್ನು ಎರಡು ಸಲ ಓದಿದ. ಬೇಡ ಎನ್ನಬಹುದಿತ್ತು. ಎನ್ನಬೇಕೆಂದು ಬಾಯಿ ತೆರೆದದ್ದೂ ಉಂಟು. ಆದರೆ ಬೇಡ ಎನ್ನಬೇಕಾದರೆ ಕಾರಣ ಕೊಡಬೇಕು, ಕಾರಣ ಕೊಡಹೋದರೆ ಮೊದಲನೆಯ ಆದೇಶದ ಬುಡಕ್ಕೇ ಬರುತ್ತದೆ. "ಎಲ್ಲಿ ಸಹಿ ಮಾಡ್ಲಿ ಸಾರ್?" ಎಂಬ ಮಾತು ಹೊರಬಿತ್ತು.

ಕಾಲು ಕೂಡಿಕೊಂಡ ಮೇಲೆ ಕೆಲಸ ಶುರುವಾಯಿತು. ಅದೇ ಮುಳ್ಳಿನ ಬೂಟು. ಯಂತ್ರದ ಜಾಗದಲ್ಲಿ ನೀರಿನ ಕೊಡ. ಇಪ್ಪತ್ತೇಳು ವರ್ಷ ಕಡಿದ ಗಿಡಗಳ ಬುಡ ಕೆದಕಿ, ಗೊಬ್ಬರ ಹಾಕಿ, ಬಾಗಿದ್ದಕ್ಕೆ ಆಸರೆ ಕೋಲು ನೆಟ್ಟ. ಮೊದಲ ವಾರ ನಾಚಿಕೆಯಾಗುತ್ತಿತ್ತು. ಎರಡನೇ ವಾರದಿಂದ ಚಹದಂಗಡಿಯಲ್ಲಿ, "ಗಿಡ ಬೆಳೆಸೋದು ಕಡಿಯೋದಕ್ಕಿಂತ ಕಷ್ಟ. ಎಲ್ಲರಿಗೂ ಬರೋ ವಿದ್ಯೆ ಅಲ್ಲ," ಎನ್ನತೊಡಗಿದ. ಬೆಂಚಿನ ಮೇಲಿದ್ದವರು ಜಾಗ ಬಿಟ್ಟುಕೊಟ್ಟರು.

ಒಂದು ಬೆಳಗ್ಗೆ ಟೀಚರಮ್ಮನ ಹಿತ್ತಿಲಿನ ಇನ್ನೂರ ಆರನೇ ಕಂಬಿಗೆ ಅವನು ನೀರು ಹಾಕುತ್ತಿದ್ದ. ಮೇಲೆ ಬಾಗಿಲ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಟೀಚರಮ್ಮ, ಕೈಚೀಲವನ್ನು ಮಡಿಲಲ್ಲಿ ಭದ್ರವಾಗಿ ಹಿಡಿದು, ಬೆನ್ನು ನೆಟ್ಟಗಿಟ್ಟು ಕೂತ ಭಂಗಿಯಲ್ಲಿಯೇ, ತರಗೆಲೆಗಳ ಮೇಲೆ ಸರಸರನೆ ಅವನ ಪಕ್ಕದಿಂದ ಹಾದು ಹೊರಟರು.

ಉಡ ಕೊಡ ಕೆಳಗಿಟ್ಟು ಗೌರವದಿಂದ ಪಕ್ಕಕ್ಕೆ ಸರಿದ.

"ಪರಿಶೀಲನೆಗಾ ಟೀಚರಮ್ಮ?"

"ಹೌದಪ್ಪ," ಎಂದರು ಅವರು ದೂರವಾಗುತ್ತ. "ಹಾಗೇ ಮಾತ್ರೆ ತಗೊಂಡು ಬರ್ತೀನಿ."

ಕೆಳಗೆ ಔಷಧಿ ಅಂಗಡಿಯವನು ಬಾಗಿಲಿನ ಎರಡೂ ಕದ ತೆರೆದು ನಿಂತಿದ್ದ.